ಅಮ್ಮ ಹಚ್ಚಿದ ಕ್ರೀಮು

ಮಕ್ಕಳ ತುಟಿ ನೋಡುವುದು ನನಗೀಗ ಚಟವಾಗಿಬಿಟ್ಟಿದೆ. ತರಗತಿಯಲ್ಲಿ ಹಾಜರಿ ಕರೆಯುವಾಗ ಮಗುವಿನ ಕಣ್ಣಿಗಿಂತ ಮೊದಲು ತುಟಿಯ ಕಡೆ ದೃಷ್ಟಿ ಹೋಗುತ್ತದೆ. ಬಸ್ಸಿನಲ್ಲಿ ಯಾರದೋ ಮಡಿಲಲ್ಲಿ ಕೂಸು ಮಲಗಿದ್ದರೆ ಅದರ ಉಗುರು ನೋಡುತ್ತೇನೆ. ಅದು ಕೆಂಪಗಿದ್ದರೆ ಸಮಾಧಾನ. ಯಾಕೆ ಹೀಗೆ ನೋಡುತ್ತೀರಿ ಎಂದು ಒಬ್ಬ ತಾಯಿ ಒಮ್ಮೆ ಕೇಳಿಯೂಬಿಟ್ಟಳು. ಆಗ ನಕ್ಕು ಬೇರೆ ಮಾತು ತೆಗೆದೆ. ಇಲ್ಲಿ ಹೇಳುತ್ತೇನೆ.

ನನ್ನ ತಂಗಿಯ ಮಗಳಿಗೆ ಆಗ ಎರಡೂವರೆ ವರ್ಷ. ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದೆ ಎಂದು ಗೊತ್ತಾಗಿ ದಿನವೂ ಬೆಳಿಗ್ಗೆ ಒಂದು ಮಾತ್ರೆ ಪುಡಿಮಾಡಿ ಕೊಡುತ್ತಿದ್ದರು. ಮಾತ್ರೆ ಸಾಕಾಗುತ್ತಿದೆಯೇ, ಹೆಚ್ಚಿಸಬೇಕೇ ಎಂದು ತಿಳಿಯಲು ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ತಪ್ಪಿಸಿದರೆ ಮಗುವಿನ ಬುದ್ಧಿ ಬೆಳವಣಿಗೆಗೇ ತೊಂದರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದ್ದರಿಂದ ಬೇಡ ಅನ್ನುವ ಮಾತೇ ಇರಲಿಲ್ಲ.

ತಂಗಿ, ಅವಳ ಗಂಡ, ಮಗು, ಅಮ್ಮ ನಾಲ್ವರೂ ದೊಡ್ಡಬಳ್ಳಾಪುರದಲ್ಲಿ ಒಂದೇ ಮನೆಯಲ್ಲಿದ್ದಾರೆ. ನಾನು ಪಕ್ಕದ ಬೀದಿಯಲ್ಲಿ. ಅವರ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ತಂಗಿಯ ಗಂಡ ಮಗ್ಗ ನೋಡಿಕೊಳ್ಳುತ್ತಾನೆ. ಇಳಿಸಿದ ಸೀರೆಯ ಹಿಂಬದಿಯ ನೂಲು ಕತ್ತರಿಸಿ, ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕುವುದು ಅಮ್ಮನ ಕೆಲಸ. ಅಮ್ಮ ತೂಬಗೆರೆ ಕಡೆಯ ಒಕ್ಕಲು ಮನೆಯಿಂದ ಮದುವೆಯಾಗಿ ಬಂದವಳು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಸದಾ ಒಂದು ಸುತ್ತು ದೊಡ್ಡದು. ಮಗುವಿನ ಹತ್ತಿರ ಮಾತ್ರ ಅದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಪಿಸುಮಾತಾಗುತ್ತದೆ.

ನಾನು ಹೇಳಹೊರಟಿರುವ ದಿನಕ್ಕೆ ಹಿಂದಿನ ಸಲದ ರಕ್ತ ಪರೀಕ್ಷೆ ಕೆಟ್ಟದಾಗಿ ಹೋಗಿತ್ತು. ಮಗುವಿನ ನರ ಸಿಗಲಿಲ್ಲ. ಒಂದು ಮೊಣಕೈಯ ಮಡಿಕೆಯಲ್ಲಿ ಚುಚ್ಚಿದರು, ಆಗಲಿಲ್ಲ. ಇನ್ನೊಂದರಲ್ಲಿ ಚುಚ್ಚಿದರು. ಆಮೇಲೆ ಅಂಗೈ ಹಿಂಭಾಗ. ಕೊನೆಗೆ ಪಾದದ ಮೇಲೆ ಸಿಕ್ಕಿತು. ಅಷ್ಟು ಹೊತ್ತೂ ಅಮ್ಮ ಅದರ ಭುಜ ಹಿಡಿದಿದ್ದಳು, ತಂಗಿ ಕಾಲು ಹಿಡಿದಿದ್ದಳು. ಅತ್ತು ಅತ್ತು ಮಗುವಿಗೆ ದನಿಯೇ ಹೋಯಿತು. ಮನೆಗೆ ಬಂದಮೇಲೆ ಬಳೆ ತೊಡಿಸಲೂ ಕೈ ಕೊಡದು. ಬಿಳಿ ಅಂಗಿಯವರು ಬಂದರೆ ಅಮ್ಮನ ಸೀರೆಯೊಳಗೆ ಅಡಗಿಕೊಳ್ಳುವುದು. ಹಾಲಿನ ಡೈರಿಯವನು ಬಿಳಿ ಅಂಗಿ ಬಿಟ್ಟು ಬಣ್ಣದ ಅಂಗಿ ಹಾಕಿಕೊಂಡು ಬರುವಂತೆ ಅಮ್ಮನೇ ಮಾಡಿದ್ದಳು.

"ಏನವ್ವಾ ನಿನ್ನ ಮೊಮ್ಮಗಳ ದರ್ಬಾರು, ನನ್ ಅಂಗೀನೂ ಬದಲಾಯಿಸಿಬಿಟ್ಲಲ್ಲ" ಎಂದು ಅವನು ರೇಗಿಸುತ್ತಿದ್ದ.

"ಬಿಳೀದ್ರಲ್ಲಿ ನೀನೇನು ಚೆನ್ನಾಗಿ ಕಾಣ್ತಿದ್ದೆ, ಬಿಡಪ್ಪ" ಎಂದು ಅಮ್ಮ.

ಮುಂದಿನ ಪರೀಕ್ಷೆ ಹತ್ತಿರವಾದಾಗ ತಂಗಿ ನಮ್ಮೂರಿನ ಮಕ್ಕಳ ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ಇದನ್ನೆಲ್ಲ ಹೇಳಿಕೊಂಡಳು. ಅವರು ಒಂದು ಕ್ರೀಮ್ ಬರೆದುಕೊಟ್ಟರು. ಸೂಜಿ ಹಾಕುವ ಜಾಗಕ್ಕೆ ಸ್ವಲ್ಪ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ಗಂಟೆ ಬಿಟ್ಟರೆ ಆ ಚರ್ಮ ಮರಗಟ್ಟುತ್ತದೆ, ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ವಿವರಿಸಿದರು. ತಂಗಿ ಔಷಧಿ ಅಂಗಡಿಯಲ್ಲಿ ಕೊಂಡು ತಂದಳು. ಚಿಕ್ಕ ಟ್ಯೂಬು, ಒಂದು ಸಾಕಾಗದೆ ಹೋದರೆ ಎಂದು ಎರಡು ತಂದಿದ್ದಳು.

ಪರೀಕ್ಷೆಯ ದಿನ ತಂಗಿ ಬೆಳಿಗ್ಗೆ ಬೇಗನೆ ಕ್ಲಿನಿಕ್ಕಿಗೆ ಹೊರಟಳು. ಮೊದಲು ಹೋಗಿ ಹೆಸರು ಬರೆಸದಿದ್ದರೆ ಮಧ್ಯಾಹ್ನದವರೆಗೆ ಕಾಯಬೇಕು. ಹೊರಡುವಾಗ ಅಮ್ಮನಿಗೆ ಹೇಳಿದಳಂತೆ: "ಅಮ್ಮ, ಸೂಜಿ ಹಾಕೋ ಜಾಗಕ್ಕೆ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಬಿಡು. ಅಕ್ಕ ಆಟೋ ತರ್ತಾಳೆ, ಇಬ್ರೂ ಕರ್ಕೊಂಡು ಬನ್ನಿ."

ಸೂಜಿ ಹಾಕುವ ಜಾಗ. ಅಮ್ಮ ಅದನ್ನು ಯೋಚಿಸಿದ್ದಾಳೆ. ಕಳೆದ ಸಲ ಸೂಜಿ ಹಾಕಿದ್ದು ಎಲ್ಲೆಲ್ಲಿ ಎಂದು ಅವಳಿಗೆ ಚೆನ್ನಾಗಿ ನೆನಪಿದೆ, ಹಿಡಿದುಕೊಂಡವಳು ಅವಳೇ. ಈ ಸಲ ಎಲ್ಲಿ ಹಾಕುತ್ತಾರೋ ಯಾರಿಗೆ ಗೊತ್ತು? ಒಂದು ಕಡೆ ಹಚ್ಚಿ ಅವರು ಇನ್ನೊಂದು ಕಡೆ ಚುಚ್ಚಿದರೆ ಹಚ್ಚಿದ್ದಕ್ಕೆ ಏನು ಫಲ? ನಮ್ಮ ಕಡೆ ಮಕ್ಕಳಿಗೆ ಎಣ್ಣೆ ಹಚ್ಚುವುದೆಂದರೆ ನೆತ್ತಿಯಿಂದ ಕಾಲ್ಬೆರಳಿನವರೆಗೆ, ಒಂದಿಷ್ಟೂ ಜಾಗ ಬಿಡದೆ, ಚರ್ಮ ಕುಡಿಯುವಷ್ಟು. ನಮ್ಮಿಬ್ಬರನ್ನೂ ಅಮ್ಮ ಹಾಗೇ ಹರಳೆಣ್ಣೆ ತಿಕ್ಕಿ ಬೆಳೆಸಿದ್ದು. ಅದೇ ಕೈಯಲ್ಲಿ ಅವಳು ಮಗುವಿನ ಎರಡು ತೋಳಿಗೆ ಭುಜದವರೆಗೆ, ಎರಡು ಕಾಲಿಗೆ ಮಂಡಿಯವರೆಗೆ ಕ್ರೀಮು ಹಚ್ಚಿ, ತಿಕ್ಕಿ, ಎರಡೂ ಟ್ಯೂಬು ಮುಗಿಸಿದಳು. ಮೇಲೆ ಸೀರೆಯ ಕವರುಗಳನ್ನು ಕತ್ತರಿಸಿ ಸುತ್ತಿ ಹತ್ತಿಯ ನೂಲಿನಿಂದ ಸಡಿಲವಾಗಿ ಕಟ್ಟಿದಳು. ಮಗು ಕಿತ್ತುಹಾಕದಿರಲಿ ಎಂದು ತುಂಬು ತೋಳಿನ ಅಂಗಿ, ಉದ್ದ ಚಡ್ಡಿ, ಕಾಲುಚೀಲ ಹಾಕಿದಳು.

ನಾನು ಆಟೋ ತೆಗೆದುಕೊಂಡು ಹೋದಾಗ ಮಗು ಬಾಗಿಲಲ್ಲಿ ನಿಂತು ನಗುತ್ತಿತ್ತು. ಮುಂಗಾರು ಶುರುವಾಗಿ ಬೆಳಗು ತಣ್ಣಗಿತ್ತು. ಹಾಗಾಗಿ ಅಷ್ಟು ಬಟ್ಟೆ ನೋಡಿ ನನಗೇನೂ ಅನ್ನಿಸಲಿಲ್ಲ.

"ದೊಡ್ಡಮ್ಮ, ನನ್ ಕೈ ಇಲ್ಲ" ಎಂದಿತು.

"ಎಲ್ಲಿ ಹೋಯ್ತೇ?"

"ಅಜ್ಜಿ ತಗೊಂಡ್ಬಿಟ್ಲು."

ಅಮ್ಮ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. "ಇವತ್ತು ಇವ್ಳಿಗೆ ಏನಂದ್ರೆ ಏನೂ ಗೊತ್ತಾಗಲ್ಲ ನೋಡ್ತಿರು. ಚುಚ್ಚೋರೇ ಬೆಪ್ಪಾಗಬೇಕು" ಎಂದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತೆವು. ಮೊದಲು ಮಗು ಎದುರಿಗಿದ್ದ ಹುಡುಗನ ಆಟಿಕೆ ಕಾರನ್ನು ನೋಡುತ್ತಿತ್ತು. ಆಮೇಲೆ ಅಮ್ಮನ ಭುಜಕ್ಕೆ ತಲೆ ಒರಗಿಸಿತು. ಬೇಗ ಎದ್ದಿದೆ, ಹೊಟ್ಟೆಗೂ ಏನೂ ಬಿದ್ದಿಲ್ಲ, ನಿದ್ದೆ ಬಂದಿರಬೇಕು ಎಂದುಕೊಂಡೆವು. ರಕ್ತ ಕೊಟ್ಟಮೇಲೆ ತಿನ್ನಿಸಲು ತಂಗಿ ಡಬ್ಬಿಯಲ್ಲಿ ಇಡ್ಲಿ ತಂದಿದ್ದಳು.

ಆ ಹುಡುಗನ ತಾಯಿ ನಮ್ಮ ಮಗುವನ್ನೇ ನೋಡುತ್ತಿದ್ದವಳು, "ನೇರಳೆ ಹಣ್ಣು ಕೊಟ್ರಾ ಮಗೂಗೆ?" ಎಂದು ಕೇಳಿದಳು.

"ಇಲ್ವಲ್ಲ. ಏನೂ ಕೊಟ್ಟಿಲ್ಲ. ಯಾಕೆ?" ಎಂದಳು ಅಮ್ಮ.

"ಬಾಯೆಲ್ಲಾ ನೇರಳೆ ಬಣ್ಣ ಆಗೈತೆ, ಅದ್ಕೇ ಕೇಳ್ದೆ."

ನಾನು ಬಗ್ಗಿ ನೋಡಿದೆ. ನಿಜ. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಸೆರಗಿನ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದೆ. ಸೆರಗಿಗೆ ಬಣ್ಣ ಅಂಟಲಿಲ್ಲ. ಈಗಲೂ ನನಗೆ ಮತ್ತೆ ಮತ್ತೆ ಕಾಣುವುದು ಇದೇ: ನಾನು ಒರೆಸುತ್ತಿದ್ದೇನೆ, ಅದು ಹೋಗುತ್ತಿಲ್ಲ. ಮಗುವಿನ ಕೈ ಎತ್ತಿ ಉಗುರು ನೋಡಿದೆ. ಅದೂ ಅದೇ ಬಣ್ಣ. ಮುಖಕ್ಕೆ ಬೂದಿ ಬಳಿದ ಹಾಗಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ನರ್ಸ್ ಮಗುವನ್ನು ಅಮ್ಮನ ಕೈಯಿಂದ ಎತ್ತಿಕೊಂಡು ಒಳಗೆ ಓಡಿದಳು, ನಾವು ಹಿಂದೆ. ಬೆರಳಿಗೆ ಕ್ಲಿಪ್ಪು ಹಾಕಿದರು, ಮೂಗಿಗೆ ಆಕ್ಸಿಜನ್ ಮಾಸ್ಕ್ ಹಿಡಿದರು. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಮತ್ತೆ ಕೇಳಿದರು. ಆಕ್ಸಿಜನ್ ಹೋಗುತ್ತಿದ್ದರೂ ತುಟಿಯ ಬಣ್ಣ ಬದಲಾಗಲಿಲ್ಲ. ಅವರ ಹಣೆಯಲ್ಲಿ ಗೆರೆ ಮೂಡಿದ್ದು ನನಗೆ ಕಂಡಿತು.

"ಏನಾದ್ರೂ ಕೊಟ್ರಾ? ನಾಟಿ ಔಷಧಿ, ಬೇರೆ ಯಾರದ್ದಾದ್ರೂ ಮಾತ್ರೆ? ಏನಾದ್ರೂ ನುಂಗಿದ್ಲಾ?"

"ಏನೂ ಇಲ್ಲ ಮೇಡಂ" ಎಂದಳು ತಂಗಿ. ಅಳು ತಡೆಯುತ್ತಿದ್ದಳು.

ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ನಮ್ಮ ಕಡೆ ಡಾಕ್ಟರು ಕೇಳಿದಾಗ ಬರುವ ಉತ್ತರವೇ ಅದು. ಬಜೆ ತೇದು ನೆಕ್ಕಿಸಿದ್ದು, ಹೊಟ್ಟೆಗೆ ಇಂಗು ಹಚ್ಚಿದ್ದು, ಪಕ್ಕದ ಮನೆಯವರು ಕೊಟ್ಟ ಸಿರಪ್ಪು, ಇದನ್ನೆಲ್ಲ ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ಹೇಳಿದರೆ ಎಲ್ಲರೆದುರು ಬೈಯುತ್ತಾರೆ. ನಿಮಗೆ ಬುದ್ಧಿ ಇಲ್ಲವೇ ಅನ್ನುತ್ತಾರೆ. ಅದಕ್ಕೆ, ಏನೂ ಇಲ್ಲ ಸಾರ್, ಏನೂ ಇಲ್ಲ ಮೇಡಂ.

ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅಲ್ಲಿಂದಲೇ, ಮಗ್ಗದ ಮನೆಯ ದನಿಯಲ್ಲಿ, ಹೊರಗೆ ಕೂತವರಿಗೂ ಕೇಳುವಂತೆ ಹೇಳಿದಳು: "ಏನೂ ಇಲ್ಲ ಅನ್ಬೇಡ ಕಣೆ. ನಾನು ಹಚ್ಚಿದೀನಿ. ಡಾಕ್ಟ್ರಮ್ಮ, ನೀವು ಬರ್ಕೊಟ್ಟ ಕ್ರೀಮು, ಎರಡು ಕೈಗೂ ಎರಡು ಕಾಲಿಗೂ ಹಚ್ಚಿದೀನಿ. ಎರಡು ಟ್ಯೂಬೂ ಖಾಲಿ. ಮೇಲೆ ಪ್ಲಾಸ್ಟಿಕ್ ಸುತ್ತಿದೀನಿ. ಅದ್ರಿಂದೇನಾದ್ರೂ ಆಗಿದ್ಯಾ ನೋಡಿ."

ಡಾಕ್ಟರಮ್ಮ ಮಗುವಿನ ಅಂಗಿಯ ತೋಳು ಮೇಲೆ ಸರಿಸಿದರು. ಪ್ಲಾಸ್ಟಿಕ್ಕಿನ ಕೆಳಗೆ ಬಿಳಿಯ ಪದರ. ಇನ್ನೊಂದು ತೋಳು. ಕಾಲು.

"ಸಿಸ್ಟರ್, ಎಲ್ಲಾ ಬಿಚ್ಚಿ. ಒರೆಸಿ, ತೊಳೀರಿ. ಬೇಗ." ಆಮೇಲೆ ಅಮ್ಮನಿಗೆ, "ಯಾವಾಗ ಹಚ್ಚಿದ್ರಿ?"

"ಡೈರಿಯವ್ನು ಬಂದು ಹೋದ್ಮೇಲೆ. ಆರೂವರೆ ಅಂದ್ಕೊಳ್ಳಿ."

"ಬರೀ ಹಚ್ಚಿದ್ದಾ, ತಿಕ್ಕಿದ್ರಾ?"

"ಎಣ್ಣೆ ತಿಕ್ಕಿದ ಹಂಗೆ ತಿಕ್ಕಿದೀನಿ."

ಕೇಳಿದ್ದಕ್ಕೆಲ್ಲ ಅಮ್ಮ ನೇರವಾಗಿ ಉತ್ತರ ಕೊಟ್ಟಳು. ಕಡಿಮೆ ಮಾಡಿ ಹೇಳಲಿಲ್ಲ, ಮಗಳು ಹೇಳಿದ್ದಕ್ಕೆ ಮಾಡಿದೆ ಅನ್ನಲಿಲ್ಲ, ಗೊತ್ತಿರಲಿಲ್ಲ ಎಂದು ಅಳಲಿಲ್ಲ. ಚೀಲದಿಂದ ಹಿಂಡಿ ಚಪ್ಪಟೆಯಾದ ಎರಡು ಟ್ಯೂಬು ತೆಗೆದು ಮೇಜಿನ ಮೇಲೆ ಇಟ್ಟಳು.

ರಕ್ತ ತೆಗೆದಾಗ ನಾನೂ ನೋಡಿದೆ. ಕೆಂಪಲ್ಲ, ಚಾಕೊಲೇಟಿನ ಬಣ್ಣ. ಡಾಕ್ಟರಮ್ಮ ಅದನ್ನು ನೋಡಿದ್ದೇ ನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು. ಅವರು ಫೋನಿನಲ್ಲಿ ಹೇಳಿದ್ದು ಅಮ್ಮ ಹೇಳಿದ್ದನ್ನೇ: ಯಾವ ಕ್ರೀಮು, ಎಷ್ಟು, ಎಷ್ಟು ಜಾಗಕ್ಕೆ, ಎಷ್ಟು ಹೊತ್ತಿನಿಂದ. ನಮಗೆ ಸರಳವಾಗಿ ಬಿಡಿಸಿ ಹೇಳಿದರು. ಕ್ರೀಮಿನಲ್ಲಿರುವ ಔಷಧಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಚೂರೇ ಚೂರಾದರೆ ತೊಂದರೆಯಿಲ್ಲ. ಇಷ್ಟು ಚಿಕ್ಕ ಮೈಗೆ ಇಷ್ಟು ಹಚ್ಚಿ ಮುಚ್ಚಿಟ್ಟರೆ ರಕ್ತಕ್ಕೆ ಆಕ್ಸಿಜನ್ ಹೊರುವ ಶಕ್ತಿ ಹೋಗುತ್ತದೆ. ಉಸಿರು ಒಳಗೆ ಬರುತ್ತಿದೆ, ಅದನ್ನು ಹೊತ್ತುಕೊಂಡು ಹೋಗುವವರಿಲ್ಲ. ಅದಕ್ಕೆ ಬೇರೆ ಔಷಧಿ ಬೇಕು, ಅದು ಅಲ್ಲಿದೆ.

ಆಂಬುಲೆನ್ಸಿನಲ್ಲಿ ಮಗುವಿನ ಜೊತೆ ತಂಗಿ ಹೋದಳು. ಅಮ್ಮ ಹತ್ತಲು ಹೋದಾಗ ತಂಗಿ, "ನೀನು ಬರ್ಬೇಡ" ಎಂದಳು. ಕೂಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ್ದರಿಂದಲೇ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ನಾವಿಬ್ಬರೂ ಬಾಡಿಗೆ ಕಾರಿನಲ್ಲಿ ಹಿಂದೆ ಹೋದೆವು. ಮಾರಸಂದ್ರ ದಾಟಿದಮೇಲೆ ಅಮ್ಮ ಕಿಟಕಿ ಕಡೆ ಮುಖ ಮಾಡಿಕೊಂಡೇ, "ಬೈಯ್ಲಿ ಬಿಡು. ಬೈಸ್ಕೊಂಡು ನಾನೇನು ಸಾಯಲ್ಲ. ಅದು ಕಣ್ಣು ಬಿಟ್ರೆ ಸಾಕು" ಎಂದಳು.

ನಾವು ತಲುಪುವಷ್ಟರಲ್ಲಿ ಆಸ್ಪತ್ರೆಯವರು ಚಿಕಿತ್ಸೆ ಶುರುಮಾಡಿದ್ದರು. ಕಡುನೀಲಿ ಬಣ್ಣದ ಔಷಧಿಯನ್ನು ಸಿರಿಂಜಿನಲ್ಲಿ ತೆಗೆದುಕೊಂಡು ನರದೊಳಗೆ ನಿಧಾನವಾಗಿ ಬಿಡುತ್ತಿದ್ದರು. ಗಾಜಿನ ಬಾಗಿಲಿನ ಆಚೆ ನಿಂತು ನೋಡಿದೆವು. ನೀಲಿಯಾದ ಮಗುವಿಗೆ ಮತ್ತೆ ನೀಲಿಯನ್ನೇ ಹಾಕುತ್ತಿದ್ದಾರಲ್ಲ ಅನ್ನಿಸಿತು ನನಗೆ. ಅಮ್ಮ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು. ನಾನು ತುಟಿಯನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮೊದಲು ಬಾಯಿಯ ಸುತ್ತಲಿನ ಬೂದು ಬಣ್ಣ ಕರಗಿತು. ಆಮೇಲೆ ಕೆಳತುಟಿಯ ನಡುವೆ ಚೂರು ಕೆಂಪು ಕಂಡಿತು. ನನ್ನ ಭ್ರಮೆಯೋ ಎಂದು ಕಣ್ಣು ಮುಚ್ಚಿ ತೆರೆದು ನೋಡಿದೆ. ಕೆಂಪು ಅಲ್ಲೇ ಇತ್ತು, ಹರಡುತ್ತಿತ್ತು.

ಮಗು ಕಣ್ಣು ಬಿಟ್ಟು ಮಾಡಿದ ಮೊದಲ ಕೆಲಸ ಜಗಳ. ಮಾಸ್ಕ್ ಕಿತ್ತು, "ಇಡ್ಲಿ ಎಲ್ಲಿ?" ಎಂದು ಕೇಳಿತು.

ಅಲ್ಲಿಯ ಡಾಕ್ಟರು ವಯಸ್ಸಾದವರು. ಹೊರಗೆ ಬಂದು ನಮ್ಮ ಜೊತೆ ಮಾತಾಡಿದರು. "ಏನಾಗಿದೆ ಅಂತ ಮೊದ್ಲೇ ಗೊತ್ತಾಗಿದ್ದಕ್ಕೆ ಔಷಧಿ ರೆಡಿ ಇಟ್ಕೊಂಡಿದ್ವಿ. ಇಲ್ದಿದ್ರೆ ಹಾರ್ಟ್ ನೋಡ್ತಾ, ಲಂಗ್ಸ್ ನೋಡ್ತಾ ಟೈಮ್ ಹೋಗ್ತಿತ್ತು. ಹೇಳಿದ್ದು ಯಾರು?"

ಅಮ್ಮ ಕೈ ಎತ್ತಿದಳು, ಶಾಲೆಯ ಮಕ್ಕಳ ಹಾಗೆ. "ಹೇಳಿದ್ದೂ ನಾನೇ, ಹಚ್ಚಿದ್ದೂ ನಾನೇ."

ಡಾಕ್ಟರು ಬೈದರು. ಔಷಧಿ ಎಂದರೆ ಎಣ್ಣೆಯಲ್ಲ ಎಂದು ಚೆನ್ನಾಗಿಯೇ ಬೈದರು. ಅಮ್ಮ ತಲೆ ತಗ್ಗಿಸದೆ ಪೂರ್ತಿ ಕೇಳಿಸಿಕೊಂಡಳು. ಮುಗಿದಮೇಲೆ, "ಸರಿ ಸ್ವಾಮಿ. ಎಷ್ಟು ಹಚ್ಚಬೇಕಿತ್ತು ಅಂತ ಈಗ ತೋರಿಸಿ" ಎಂದು ತನ್ನ ತೋಳನ್ನೇ ಮುಂದೆ ಚಾಚಿದಳು. ಡಾಕ್ಟರು ನಕ್ಕುಬಿಟ್ಟರು. ಪೆನ್ನು ತೆಗೆದು ಅವಳ ಮೊಣಕೈ ಮಡಿಕೆಯಲ್ಲಿ ಒಂದು ಚಿಕ್ಕ ಸುತ್ತು ಬರೆದರು. "ಇಷ್ಟೇ ಜಾಗ. ಅದೂ ನಾವು ಹೇಳಿದ ಕಡೆ, ಹೇಳಿದಷ್ಟು ಹೊತ್ತು." ಆ ಸುತ್ತನ್ನು ಅಮ್ಮ ಬಹಳ ಹೊತ್ತು ನೋಡುತ್ತಿದ್ದಳು.

ಒಂದು ರಾತ್ರಿ ಅಲ್ಲೇ ಇರಿಸಿಕೊಂಡು ಮರುದಿನ ಕಳಿಸಿದರು. ಆ ಔಷಧಿಯಿಂದಾಗಿ ಮಗುವಿನ ಮೂತ್ರ ನೀಲಿ ಹಸಿರಾಗಿತ್ತು. ತಂಗಿ ಹೆದರಿ ನರ್ಸನ್ನು ಕರೆದಳು. ನರ್ಸ್ ಇದು ಮಾಮೂಲಿ ಎಂದಳು. ಆಗ ಅಮ್ಮ ಮೆಲ್ಲಗೆ, "ಹೊಸ ಸೀರೆ ಅಲ್ವಾ, ಮೊದಲ್ನೇ ಒಗತಕ್ಕೆ ಬಣ್ಣ ಬಿಡುತ್ತೆ" ಎಂದಳು. ಹಿಂದಿನ ದಿನ ಬೆಳಿಗ್ಗೆಯಿಂದ ಅಮ್ಮನ ಮುಖ ನೋಡದಿದ್ದ ತಂಗಿ ನಕ್ಕಳು. ನಗುತ್ತಾ ನಗುತ್ತಾ ಅಮ್ಮನ ಹೆಗಲ ಮೇಲೆ ಬಿದ್ದು ಅತ್ತಳು.

ಅದು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಪರೀಕ್ಷೆ ಬರುವುದಿತ್ತು. ತಂಗಿ, "ಇನ್ನು ಆ ಕ್ರೀಮಿನ ಹೆಸರೆತ್ತಬೇಡಿ. ಅಳ್ಲಿ, ಚೀರ್ಲಿ, ಬದುಕಿದ್ರೆ ಸಾಕು" ಎಂದಳು. ನಾನೂ ಅವಳ ಕಡೆಗೇ ಇದ್ದೆ. ನೇರಳೆ ಬಣ್ಣ ನೋಡಿದವರಿಗೆ ಅಳು ಏನು ಮಹಾ?

ಅಮ್ಮ ಒಪ್ಪಲಿಲ್ಲ. "ತಪ್ಪು ಮಾಡಿದ್ದು ನಾನು. ಅದಕ್ಕೆ ಅದ್ಯಾಕೆ ನೋವು ತಿನ್ಬೇಕು? ಡಾಕ್ಟ್ರಮ್ಮನ್ನ ಕೇಳೋಣ. ಅವ್ರು ಬೇಡ ಅಂದ್ರೆ ಬೇಡ."

"ನಿನಗೆ ಭಯ ಆಗಲ್ವಾ ಅಮ್ಮ?"

"ಆಗುತ್ತೆ. ನಿನಗಿಂತ ಜಾಸ್ತೀನೇ ಆಗುತ್ತೆ. ನನ್ ಭಯಕ್ಕೆ ಅದನ್ನ ಮತ್ತೆ ನಾಲ್ಕು ಜನ ಹಿಡ್ಕೊಂಡು ಚುಚ್ಚಿಸ್ಬೇಕಾ?"

ಕೇಳಿದಾಗ ಡಾಕ್ಟರಮ್ಮ ಆ ಕ್ರೀಮನ್ನು ಈ ಮಗುವಿಗೆ ಇನ್ನು ಬಳಸುವುದಿಲ್ಲ ಎಂದರು. ಬೇರೆ ಬಗೆಯದೊಂದಿದೆ. ಅದನ್ನು ಕ್ಲಿನಿಕ್ಕಿನಲ್ಲೇ, ಮೊದಲು ನರ ಹುಡುಕಿ ಗುರುತು ಮಾಡಿ, ಆ ಜಾಗಕ್ಕಷ್ಟೇ ನರ್ಸ್ ಹಚ್ಚುತ್ತಾರೆ, ಮಗು ಅಷ್ಟು ಹೊತ್ತೂ ಅವರ ಕಣ್ಣೆದುರೇ ಇರುತ್ತದೆ ಎಂದರು. ಅದಾದಮೇಲೆ ಆ ಕ್ಲಿನಿಕ್ಕಿನಲ್ಲಿ ಎಲ್ಲ ಮಕ್ಕಳಿಗೂ ಹೀಗೇ ಮಾಡುತ್ತಾರೆ. ಮನೆಗೆ ಬರೆದುಕೊಡುವುದನ್ನು ನಿಲ್ಲಿಸಿದ್ದಾರೆ.

ಮುಂದಿನ ಪರೀಕ್ಷೆಯ ದಿನ ನಾನು ರಜೆ ಹಾಕಿ ಹೋದೆ. ನರ್ಸ್ ಒಂದು ಬಟಾಣಿಯಷ್ಟು ಕ್ರೀಮು ಇಟ್ಟು ಮುಚ್ಚಿದಳು. ನಾನು ತುಟಿಯಿಂದ ಕಣ್ಣು ತೆಗೆಯಲಿಲ್ಲ. ತಂಗಿ ಉಗುರು ನೋಡುತ್ತಿದ್ದಳು. ಅಮ್ಮ ಮಾತ್ರ ಮಗುವಿನ ಜೊತೆ ಯಾವುದೋ ಕಾಗೆಯ ಕತೆಯಲ್ಲಿ ಮುಳುಗಿದ್ದಳು. ಹೊತ್ತು ಆದಮೇಲೆ ಒಳಗೆ ಕರೆದರು. ಸೂಜಿ ಹೋಯಿತು. ಮಗು ಅದನ್ನು ನೋಡಿತು, ನಮ್ಮನ್ನು ನೋಡಿತು. ರಕ್ತ ಕೆಂಪಗೆ ಕೊಳವೆಯೊಳಗೆ ಏರಿತು. "ಆಯ್ತಾ?" ಎಂದು ಕೇಳಿತು, ಅಷ್ಟೇ. ಯಾರೂ ಅದನ್ನು ಹಿಡಿದುಕೊಂಡಿರಲಿಲ್ಲ.

ಹೊರಗೆ ಬಂದು ಕೂತಾಗ ಪಕ್ಕದಲ್ಲಿ ಒಬ್ಬಳು ಎಳೆ ವಯಸ್ಸಿನ ತಾಯಿ. ಮಡಿಲಲ್ಲಿ ವರ್ಷ ತುಂಬಿದ ಗಂಡು ಕೂಸು. ಚೀಲದಿಂದ, ಅಮ್ಮ ಅವತ್ತು ಮುಗಿಸಿದ್ದಳಲ್ಲ, ಅಂಥದ್ದೇ ಟ್ಯೂಬು ತೆಗೆದು, "ಬೇರೆ ಕಡೆ ಬರ್ಕೊಟ್ಟಿದ್ದು ಆಂಟಿ. ನಿಮ್ಮ ಪಾಪು ಅಳ್ಲೇ ಇಲ್ವಲ್ಲ, ಇದನ್ನೇ ಹಚ್ಚಿದ್ರಾ? ಎಷ್ಟು ಹಚ್ಚಬೇಕು?" ಎಂದು ಅಮ್ಮನನ್ನು ಕೇಳಿದಳು.

ತಂಗಿ ನನ್ನ ಮೊಣಕೈ ತಿವಿದಳು. ಅಮ್ಮ ಇಲ್ಲಿ ಸುಮ್ಮನಿರಲಿ ಎಂದು ನಾನೂ ಬಯಸಿದೆ. ಕೋಣೆ ತುಂಬಾ ಜನ, ಎಲ್ಲ ನಮ್ಮೂರಿನವರೇ.

"ಅದ್ನ ನೀನು ಹಚ್ಬೇಡ ಕಣಮ್ಮ" ಎಂದಳು ಅಮ್ಮ. ದನಿ ಏರಿತ್ತು. "ಇದು ನನ್ ಮೊಮ್ಮಗಳು. ಇದೇ ಕ್ರೀಮ್ನ ಮೈಯೆಲ್ಲಾ ಹಚ್ಚಿ ಕೊಂದೇಬಿಡ್ತಿದ್ದೆ ನಾನು. ತುಟಿ ನೀಲಿಯಾಗಿ ಆಂಬುಲೆನ್ಸಲ್ಲಿ ಹೋದ್ವಿ. ಕ್ರೀಮು ಕೆಟ್ಟದ್ದಲ್ಲ, ನಾನು ಹಚ್ಚಿದ್ದು ಕೆಟ್ಟದ್ದು. ಒಳಗೆ ಸಿಸ್ಟರ್ ಇದಾರೆ, ಹೋಗಿ ತೋರ್ಸು. ಎಲ್ಲಿ, ಎಷ್ಟು ಅಂತ ಅವ್ರೇ ಹೇಳ್ಲಿ. ಮನೇಲಿ ಏನೇನು ಕೊಟ್ಟಿದ್ಯೋ ಅದೂ ಹೇಳು. ಬೈತಾರೆ, ಬೈಸ್ಕೋ."

ಕೋಣೆಯವರೆಲ್ಲ ನಮ್ಮ ಕಡೆ ತಿರುಗಿದ್ದರು. ತಂಗಿ ನೆಲ ನೋಡುತ್ತಿದ್ದಳು. ನನಗೆ ಮೊದಲು ನಾಚಿಕೆಯಾಯಿತು, ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಬೆಂಚಿನ ಮೇಲೆ ನನ್ನ ಅಮ್ಮನ ಪಕ್ಕ ಕೂತಿದ್ದೇನೆ ಎಂಬುದೇ ದೊಡ್ಡ ವಿಷಯ ಅನ್ನಿಸಿತು.

ಆ ಹುಡುಗಿ ಟ್ಯೂಬನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಎದ್ದು, "ಸ್ವಲ್ಪ ನೋಡ್ಕೊಳ್ಳಿ ಆಂಟಿ, ಕೇಳ್ಕೊಂಡು ಬಂದ್ಬಿಡ್ತೀನಿ" ಎಂದು ತನ್ನ ಕೂಸನ್ನು ಅಮ್ಮನ ಮಡಿಲಲ್ಲಿ ಕೂರಿಸಿ ಒಳಗೆ ಹೋದಳು.